ಕಂಪ್ಯೂಟರಿಗೆ ಆಯಿ ಕೇಳಿದ ಪ್ರಶ್ನೆ

ನನಗೆ ಅನುಮಾನದ ಬುದ್ಧಿ ಹುಟ್ಟಿನಿಂದಲೇ ಬಂದದ್ದು. ಅಂಗಡಿಯವನು ತೂಕ ಮಾಡುವಾಗ ನಾನು ತಕ್ಕಡಿ ನೋಡುವುದಿಲ್ಲ, ಅವನ ಬೆರಳು ನೋಡುತ್ತೇನೆ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟರೆ ಸೀಟು ಒದ್ದೆಯಿದೆಯೋ ಎಂದು ಮುಟ್ಟಿ ನೋಡಿಯೇ ಕೂರುತ್ತೇನೆ. ಚಿಕ್ಕವಳಿದ್ದಾಗ ಹೊನ್ನಾವರದ ಬಂದರಿನ ಬಯಲಿಗೆ ಒಂದು ಡೇರೆ ಬಂದಿತ್ತು. ಒಳಗೆ ಮೇಜಿನ ಮೇಲೆ ಬರೀ ತಲೆ ಮಾತ್ರ ಇರುವ ಹೆಂಗಸು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದಳು. ಊರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ನಾನು ಮೇಜಿನ ಕೆಳಗೆ ಶೇಂಗಾ ಸಿಪ್ಪೆ ಎಸೆದೆ. ಅದು ಕಾಣದ ಕನ್ನಡಿಗೆ ತಾಗಿ ನನ್ನ ಕಾಲಿಗೇ ಮರಳಿ ಬಂತು. ಡೇರೆಯವನು ನನ್ನ ಕಿವಿ ಹಿಂಡಿ ಹೊರಗೆ ಹಾಕಿದ. "ಇವ್ಳನ್ನ ಕಟ್ಕೊಂಡವ್ನ ಗತಿ ಎಂತ ಆಗ್ತದೋ" ಎಂದು ಆಯಿ, ಎಂದರೆ ನನ್ನ ಅಮ್ಮ, ಹಣೆ ಚಚ್ಚಿಕೊಂಡಳು. ಕಟ್ಟಿಕೊಂಡವರು ಇವತ್ತಿಗೂ ಸುಖವಾಗಿಯೇ ಇದ್ದಾರೆ, ಆ ಮಾತು ಬೇರೆ.

ಎಂಬತ್ತರ ದಶಕದ ನಡುವಿನಲ್ಲಿ, ನಾನು ಹೊನ್ನಾವರದಿಂದ ದಿನಾ ಬಸ್ಸು ಹಿಡಿದು ಕುಮಟೆಯ ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೆ, ಅಲ್ಲಿ ಒಂದು ವಿಜ್ಞಾನ ಪ್ರದರ್ಶನ ಏರ್ಪಾಡಾಯಿತು. ಅದಕ್ಕೆ ಹುಬ್ಬಳ್ಳಿಯಿಂದ ಕಂಪ್ಯೂಟರ್ ಬರುತ್ತದಂತೆ, ನಾವು ಮನೆಯಲ್ಲಿ ಆಡುವ ಮಾತಿನಲ್ಲೇ ಪ್ರಶ್ನೆ ಕೇಳಿದರೂ ಉತ್ತರ ಹೇಳುತ್ತದಂತೆ ಎಂದು ಸುದ್ದಿಯಾಯಿತು. ಗೆಳತಿಯರು ಕುಣಿದಾಡಿದರು. ಇದರ ಒಳಗೆ ಯಾರು ಕೂತಿರುತ್ತಾರೆ ಎಂಬುದೇ ನನ್ನ ಮೊದಲ ಯೋಚನೆ. ಆದರೆ ಯಂತ್ರದ ಕತೆ ಹೇಳುವ ಮೊದಲು ಆಗ ನಮ್ಮ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಹೇಳಬೇಕು.

ಮನೆಯಲ್ಲಿದ್ದವರು ನಾವು ಮೂವರೇ ಹೆಂಗಸರು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಆಯಿ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಅಕ್ಕ ಅವಳ ಜೊತೆ ಬುಟ್ಟಿ ಹೊರುತ್ತಿದ್ದಳು, ಬೇಸಿಗೆಯಲ್ಲಿ ಮೀನು ಒಣಗಿಸುತ್ತಿದ್ದಳು. ಅಕ್ಕನ ಮದುವೆ ಎಪ್ಪತ್ತರ ದಶಕದ ಕೊನೆಯಲ್ಲಿ ಆಗಿತ್ತು. ಭಾವ ದೋಣಿ ಕೆಲಸದವನು, ನಗುಮುಖದವನು. ಮದುವೆಯಾಗಿ ವರ್ಷ ತುಂಬುವುದರೊಳಗೆ ಮುಂಬಯಿಯಲ್ಲಿ ಹಡಗಿನ ಕೆಲಸವಿದೆ ಎಂದು ಹೋದ. ಸ್ವಲ್ಪ ಕಾಲ ಕಾಗದ ಬಂತು, ಆಮೇಲೆ ನಿಂತಿತು. ಊರಿನವರು ಯಾರೋ ಹೋಗಿ ವಿಚಾರಿಸಿದರೆ ಆ ವಿಳಾಸದಲ್ಲಿ ಬೇರೆ ಜನ ಇದ್ದರು. ಅಕ್ಕ ಬುಟ್ಟಿ ಬಟ್ಟೆ ಎತ್ತಿಕೊಂಡು ನಮ್ಮ ಮನೆಗೆ ಬಂದಳು.

ಆಗ ಆಯಿ ನಮ್ಮ ಕೇರಿಯ ದೇವಿಯ ಹತ್ತಿರ ಪ್ರಸಾದ ಕೇಳಿದಳು. ನಮ್ಮ ಕಡೆ ಹೊಸ ದೋಣಿ ನೀರಿಗೆ ಇಳಿಸುವುದಿರಲಿ, ಸಂಬಂಧ ಬೆಳೆಸುವುದಿರಲಿ, ದೇವರನ್ನು ಕೇಳದೆ ಯಾರೂ ಮುಂದುವರಿಯುವುದಿಲ್ಲ. ಪೂಜೆ ಮಾಡುವ ಗುನಗರು ಹೂವಿನ ಎಸಳುಗಳನ್ನು ನೀರಿನಲ್ಲಿ ಅದ್ದಿ ಮೂರ್ತಿಯ ಮೈಗೆ ಅಂಟಿಸುತ್ತಾರೆ. ಕೇಳುವವರು ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಬಹುದು, ಮನಸ್ಸಿನಲ್ಲೇ ಇಟ್ಟುಕೊಳ್ಳಲೂಬಹುದು. ಎಸಳು ಬಲಗಡೆಯಿಂದ ಬಿದ್ದರೆ ಹೌದು, ಎಡಗಡೆಯಿಂದ ಬಿದ್ದರೆ ಅಲ್ಲ. ಆಯಿ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಂಡಳು. ಹೊರಗೆ ಬಂದು ಕಾಯುತ್ತಿದ್ದವರಿಗೆ, "ಬಲಕ್ಕೆ ಆತು" ಎಂದಳು. ಕೇರಿಯ ಹೆಂಗಸರು ಸಂತೋಷಪಟ್ಟರು. ಅಂದರೆ ಅಳಿಯ ಬರುತ್ತಾನೆ, ಇವತ್ತಲ್ಲದಿದ್ದರೆ ನಾಳೆ ಬಂದೇ ಬರುತ್ತಾನೆ.

ಬಂದೇ ಬರುತ್ತಾನೆ ಎಂಬ ಮಾತನ್ನು ಹೇಳುವುದು ಸುಲಭ. ಅದನ್ನು ಹೊತ್ತುಕೊಂಡು ತಿರುಗಿದವಳು ಅಕ್ಕ. ಮದುವೆ ಮನೆಯಲ್ಲಿ ಆರತಿ ಎತ್ತುವ ಮುತ್ತೈದೆಯರ ಸಾಲಿಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಬರಬೇಡ ಎಂದೂ ಹೇಳುತ್ತಿರಲಿಲ್ಲ. ಅವಳು ತಾನೇ ಹಿಂದೆ ಸರಿದು ಬಡಿಸುವವರ ಜೊತೆ ಸೇರುತ್ತಿದ್ದಳು. ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಆ ಗುನಗರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಬಲಗಡೆಯ ಎಸಳಿಗೆ ನೀರು ಕಡಿಮೆ ಹಚ್ಚಿದರೆ ಬೇಗ ಒಣಗಿ ಬೀಳುವುದಿಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ ಆಯಿ ಸೌಟು ಎತ್ತಿಕೊಂಡು ಅಟ್ಟಿಸಿಕೊಂಡು ಬಂದಿದ್ದಳು.

ನಾನು ಹೇಳುತ್ತಿರುವ ವರ್ಷ ಅಕ್ಕನಿಗೆ ಒಂದು ಸಂಬಂಧ ಬಂತು. ಭಟ್ಕಳದ ಕಡೆಯ ಒಬ್ಬ ತಾಂಡೇಲ, ಎಂದರೆ ದೋಣಿಯ ಆಳುಗಳಿಗೆಲ್ಲ ಯಜಮಾನ. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳು ಸಣ್ಣ ಮಗಳಿದ್ದಳು. ಬಂದರಿಗೆ ಬಂದಾಗಲೆಲ್ಲ ಅಕ್ಕನ ಬುಟ್ಟಿಗೆ ಒಳ್ಳೆಯ ಬಂಗಡೆ ಆರಿಸಿ ಹಾಕುತ್ತಿದ್ದ. ನಾನು ಅದನ್ನೂ ಅನುಮಾನದಿಂದಲೇ ನೋಡಿ, ಅವನ ಬಗ್ಗೆ ಭಟ್ಕಳದ ಹತ್ತಿರದ ಕಾಯ್ಕಿಣಿಯಲ್ಲಿದ್ದ ಗೆಳತಿಯ ಕಡೆಯಿಂದ ಗುಟ್ಟಾಗಿ ವಿಚಾರಿಸಿದೆ. ಕುಡಿತವಿಲ್ಲ, ಜಗಳವಿಲ್ಲ, ಮಗಳ ತಲೆ ತಾನೇ ಬಾಚುತ್ತಾನೆ ಎಂದು ತಿಳಿಯಿತು. ನಮ್ಮ ಜನರಲ್ಲಿ ಗಂಡ ಸತ್ತವಳು, ಗಂಡ ಬಿಟ್ಟುಹೋದವಳು ಮತ್ತೆ ಮದುವೆಯಾಗುವುದು ತಪ್ಪಲ್ಲ, ಅದಕ್ಕೆ ಉಡಿಕೆ ಎನ್ನುತ್ತಾರೆ. ಹಿರಿಯರೊಬ್ಬರ ಮೂಲಕ ಅವನು ಕೇಳಿಸಿದ. ಮಳೆಗಾಲಕ್ಕೆ ದೋಣಿ ಮೇಲೆ ಎಳೆಯುವ ಮೊದಲು ಒಂದು ಮಾತು ಹೇಳಿ, ಇಲ್ಲವಾದರೆ ಮಗಳನ್ನು ನೋಡಿಕೊಳ್ಳಲು ಬೇರೆ ಕಡೆ ನೋಡಬೇಕಾಗುತ್ತದೆ ಎಂದ.

ಅಕ್ಕ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆದರೆ ಮರುದಿನ ಮೀನು ಹೆಚ್ಚುತ್ತ ಕೂತವಳು ತಲೆ ಎತ್ತದೆ ನನ್ನನ್ನು ಕೇಳಿದಳು, "ಭಟ್ಕಳದ ಬದಿಗೆ ಬಾವಿ ನೀರು ಉಪ್ಪಾ, ತಂಗಿ?"

ನೀರಿನ ರುಚಿ ತಿಳಿಯಲು ಯಾರು ಹೀಗೆ ಕೆಂಪಾಗುತ್ತಾರೆ? ನನಗೆ ಎದೆ ತುಂಬಿ ಬಂತು. "ಸಿಹಿ ಇರ್ತದೆ ಅಕ್ಕ, ಸಕ್ಕರೆ ಹಂಗೆ" ಎಂದೆ. ಅವಳು ನಕ್ಕಳು. ಒಳಗಿನಿಂದ ಆಯಿಯ ದನಿ ಬಂತು, "ಎಂತ ನಗೆ? ದೇವಿ ಅಂವ ಬರ್ತಾನೆ ಹೇಳಿದ ಮೇಲೆ ಉಡಿಕೆ ಹೆಂಗೆ ಮಾಡೂದು? ಅಂವ ನಾಳೆ ಬಾಗ್ಲಿಗೆ ಬಂದು ನಿಂತ್ರೆ ಎಂತ ಹೇಳ್ತ್ಯಾ?" ಅಕ್ಕ ಮತ್ತೆ ಕತ್ತಿಗೆ ತಲೆ ಬಗ್ಗಿಸಿದಳು.

ಇನ್ನೊಮ್ಮೆ ಪ್ರಸಾದ ಕೇಳಿ ಎಂದು ನಾನೇ ಹಟ ಹಿಡಿದೆ. ಆಗುವುದಿಲ್ಲ. ಒಮ್ಮೆ ಕೇಳಿ ಉತ್ತರ ಬಂದ ಮೇಲೆ ಅದನ್ನೇ ಮತ್ತೆ ಕೇಳಿದರೆ ದೇವರನ್ನು ಪರೀಕ್ಷೆ ಮಾಡಿದಂತೆ. ಆಯಿ ಈ ವಿಷಯದಲ್ಲಿ ಕಲ್ಲು. ಮೋಡ ಕಟ್ಟುವ ದಿನ ಹತ್ತಿರ ಬರುತ್ತಿತ್ತು, ಭಟ್ಕಳಕ್ಕೆ ಉತ್ತರ ಹೋಗಿರಲಿಲ್ಲ. ಪ್ರದರ್ಶನ ಶುರುವಾದದ್ದು ಆ ವಾರದಲ್ಲೇ.

ಮೊದಲ ದಿನವೇ ನಾನು ಹೋದೆ. ಒಂದು ಟೀವಿ, ಅದರ ಮುಂದೆ ಟೈಪ್ ಮಾಡುವ ಮಣೆ, ಬದಿಗೆ ಒಂದು ಪೆಟ್ಟಿಗೆ, ಮೇಲೆ 'ನಿಮ್ಮ ಮಾತು ತಿಳಿಯುವ ಕಂಪ್ಯೂಟರ್' ಎಂಬ ಬೋರ್ಡ್. ಕೂತಿದ್ದವನು ಹುಬ್ಬಳ್ಳಿಯ ಹುಡುಗ, ಎಂಜಿನಿಯರಿಂಗ್ ಓದುತ್ತಿದ್ದವನು. ನಾವು ಹೇಳಿದ ಪ್ರಶ್ನೆಯನ್ನು ಅವನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವಾಗಿಯೇ ಒತ್ತುತ್ತಿದ್ದ. ಉತ್ತರವೂ ಹಾಗೆಯೇ ಹಸಿರು ಅಕ್ಷರದಲ್ಲಿ ಮೂಡುತ್ತಿತ್ತು, ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಒಬ್ಬ ಹುಡುಗ, "ಈ ಸಲ ಪರೀಕ್ಷೇಲಿ ಪಾಸಾಗ್ತೆನಾ?" ಎಂದು ಕೇಳಿದ. "ಚೆನ್ನಾಗಿ ಓದಿದರೆ ಖಂಡಿತ ಪಾಸಾಗುತ್ತೀರಿ" ಎಂದು ಬಂತು. ಜನ ಚಪ್ಪಾಳೆ ತಟ್ಟಿದರು. ನಮ್ಮ ಪ್ರಾಧ್ಯಾಪಕರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.

ನಾನು ಮೇಜಿನ ಕೆಳಗೆ ಬಗ್ಗಿ ನೋಡಿದೆ. ತಂತಿ ಹಿಡಿದುಕೊಂಡು ಗೋಡೆಯ ತನಕ ಹೋದೆ. ಪರದೆ ಎತ್ತಿದೆ, ಹಿಂದೆ ಪೊರಕೆ ಇತ್ತು. ಯಾರೂ ಇಲ್ಲ ಎಂದಾದ ಮೇಲೆ ನನ್ನ ಸರದಿಗೆ ನಿಂತು ಕೇಳಿದೆ, "ಬಂಗಡೆ ಮೀನು ಪರೀಕ್ಷೆಗೆ ಕೂತ್ರೆ ಎಂತ ಆಗ್ತದೆ?"

"ಚೆನ್ನಾಗಿ ಓದಿದರೆ ಖಂಡಿತ ಪಾಸಾಗುತ್ತೀರಿ."

ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಬಿಡಲಿಲ್ಲ. "ನಂಗೆ ಮದುವೆ ಸುದ್ದಿ ಬೇಡ, ಗೇರುಸೊಪ್ಪೆಗೆ ಬಸ್ಸು ಎಷ್ಟೊತ್ತಿಗೆ?" ಎಂದೆ. "ಮದುವೆಯ ವಿಷಯದಲ್ಲಿ ನಿಮ್ಮ ಹಿರಿಯರನ್ನು ಕೇಳಿ" ಎಂದು ಬಂತು. ಹುಬ್ಬಳ್ಳಿಯ ಹುಡುಗ ಸೋತು ನಕ್ಕ. ಜನ ಕರಗಿದ ಮೇಲೆ ನಾನು ಮೇಜಿಗೆ ಕೈಯೂರಿ, ಇದಕ್ಕೆ ನಮ್ಮ ಮಾತು ತಿಳಿಯುತ್ತದೆ ಎಂದು ಜನರಿಗೆ ಯಾಕೆ ಸುಳ್ಳು ಹೇಳುತ್ತೀರಿ ಎಂದು ಜಬರಿಸಿದೆ.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ತಿಳೀತೈತಿ ಅಂತ ನಾ ಯಾವಾಗ ಹೇಳೇನ್ರೀ? ಬೋರ್ಡ್ ಬರದವರು ನಿಮ್ಮ ಕಾಲೇಜಿನವರು. ಅದಕ್ಕ ಏನೂ ತಿಳಿಯಂಗಿಲ್ಲ. ನೀವು ಹೇಳಿದ್ರಾಗ ನಾ ಮೊದ್ಲ ಬರದಿಟ್ಟ ಪದ ಐತೇನು ಅಂತ ಹುಡುಕತೈತಿ. ಪರೀಕ್ಷೆ ಸಿಕ್ರ ಒಂದು ಉತ್ರ, ಮಳೆ ಸಿಕ್ರ ಒಂದು, ಮದುವಿ ಸಿಕ್ರ ಒಂದು. ಏನೂ ಸಿಗ್ಲಿಲ್ಲ ಅಂದ್ರ, ತಿಳೀಲಿಲ್ಲ, ಬ್ಯಾರೆ ರೀತಿ ಕೇಳ್ರಿ ಅಂತೈತಿ. ಅಷ್ಟ."

ಅಷ್ಟೇ! ನನಗೆ ಹಬ್ಬವಾಯಿತು. ಆ ಸಂಜೆ ಮನೆಯಲ್ಲಿ ಪರೀಕ್ಷೆಗೆ ಕೂತ ಬಂಗಡೆಯ ಕತೆಯನ್ನು ಅಭಿನಯ ಮಾಡಿ ತೋರಿಸಿದೆ. ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಆಯಿ ಮಾತ್ರ ನಗಲಿಲ್ಲ.

"ಯಾರು ಕೇಳಿದ್ರೂ ಉತ್ತರ ಕೊಡ್ತದಾ?" ಎಂದಳು.

"ಕೊಡ್ತದೆ ಆಯಿ, ಆದ್ರೆ ಅದಕ್ಕೆ ಎಂತ ಮಣ್ಣೂ ಗೊತ್ತಿಲ್ಲ. ಅದನ್ನೇ ಹೇಳ್ತಾ ಇದ್ದೆ ಅಲ್ಲಾ."

"ಉತ್ತರ ಕೊಡ್ತದೆ ಅಲ್ದಾ, ಅದನ್ನ ಹೇಳು ನೀ."

ಮರುದಿನ ಬೆಳಿಗ್ಗೆ ನೋಡಿದರೆ ಆಯಿ ಮಾರಲು ಹೋಗುವುದು ಬಿಟ್ಟು, ತಲೆಗೆ ಮಿಂದು, ಪೆಟ್ಟಿಗೆಯ ಸೀರೆ ಉಟ್ಟು ನಿಂತಿದ್ದಳು. ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಹೂವು. ಅಕ್ಕನಿಗೂ ಹೊರಡು ಎಂದಳು. ದೇವಿಯನ್ನು ಎರಡನೇ ಸಲ ಕೇಳುವಂತಿಲ್ಲ, ಆದರೆ ಇದು ದೇವಿಯಲ್ಲ. ಇದನ್ನು ಕೇಳಿದರೆ ಯಾವ ದೋಷವೂ ಇಲ್ಲ. ಇದು ಅವಳ ಲೆಕ್ಕ. ನಾನು ಬೈದೆ, ಬಾಗಿಲಿಗೆ ಅಡ್ಡ ನಿಂತೆ, ಕಾಲೇಜಿನಲ್ಲಿ ನನ್ನ ಮರ್ಯಾದೆ ಹೋಗುತ್ತದೆ ಎಂದೆ. "ಮೀನಿನ ಕೈಲಿ ಪರೀಕ್ಷೆ ಬರೆಸಿ ಬಂದವ್ಳಿಗೆ ಮರ್ಯಾದೆ ಬೇರೆ" ಎಂದು ಆಯಿ ನನ್ನನ್ನು ಬದಿಗೆ ಸರಿಸಿದಳು. ನಾನೇ ಮುಂದೆ ನಿಂತು ಬಸ್ಸಿಗೆ ಕೈ ಮಾಡಬೇಕಾಯಿತು.

ದಾರಿಯುದ್ದಕ್ಕೂ ಆಯಿ ತುಟಿ ಅಲುಗಾಡಿಸುತ್ತ ಪ್ರಶ್ನೆ ಜೋಡಿಸಿಕೊಳ್ಳುತ್ತಿದ್ದಳು. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಬಾಳು ಇವತ್ತು ಆ ಹುಬ್ಬಳ್ಳಿ ಹುಡುಗನ ಪೆಟ್ಟಿಗೆಯಲ್ಲಿ ಯಾವ ಪದ ಇದೆ, ಯಾವ ಪದ ಇಲ್ಲ ಎಂಬುದರ ಮೇಲೆ ನಿಂತಿತಲ್ಲ ಎಂದು ನೆನೆದು ನನಗೆ ಅಳು ಬರುವಂತಾಯಿತು. ಅದು ಬರುತ್ತಾನೆ ಎಂದುಬಿಟ್ಟರೆ? ಇನ್ನೆಷ್ಟು ವರ್ಷ? ನಾನು ಮನಸ್ಸಿನಲ್ಲೇ ಒಂದು ಉಪಾಯ ಮಾಡಿದೆ. ಓಡಿ ಮುಂದೆ ಹೋಗಿ ಆ ಹುಡುಗನಿಗೆ, ಏನೇ ಮೂಡಿದರೂ ಅಂವ ಬರುವುದಿಲ್ಲ ಎಂದೇ ಓದು ಎಂದು ಹೇಳಿಬಿಡುವುದು. ಮೋಸಕ್ಕೆ ಮೋಸ. ಆದರೆ ಕಾಲೇಜಿನ ಗೇಟಿನಿಂದಲೇ ಆಯಿ ನನ್ನ ಮಣಿಕಟ್ಟು ಬಿಡಲಿಲ್ಲ. ಅನುಮಾನದಲ್ಲಿ ನಾನು ಯಾರ ಮಗಳು ಎಂದು ಆಗ ಗೊತ್ತಾಯಿತು.

ಆಯಿ ಕೋಣೆಯ ಹೊರಗೆ ಚಪ್ಪಲಿ ಬಿಟ್ಟಳು, ಅಕ್ಕನೂ ಬಿಟ್ಟಳು. ಒಳಗೆ ಹೋಗಿ ಹೂವನ್ನು ಟೀವಿಯ ಮುಂದೆ ಇಟ್ಟಳು. ಹುಡುಗ ಗಾಬರಿಯಾಗಿ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಆಯಿ ಕೈ ಮುಗಿದು, ದೇವರ ಮುಂದೆ ನಿಂತು ಹೇಳಿಕೊಳ್ಳುವ ಕ್ರಮದಲ್ಲೇ ಶುರುಮಾಡಿದಳು: ತಾನು ಯಾವ ಊರಿನವಳು, ಯಾವ ಕೇರಿ, ಯಾರ ಹೆಂಡತಿ, ಎಂಥ ಕಷ್ಟ.

"ಅಮ್ಮಾರ, ಅಷ್ಟುದ್ದ ಬ್ಯಾಡ್ರೀ, ಒಂದ ಸಾಲಿನ್ಯಾಗ ಕೇಳ್ರಿ" ಎಂದ ಹುಡುಗ.

ಆಯಿ ಉಸಿರು ತೆಗೆದುಕೊಂಡಳು. "ನಮ್ಮ ಅಳಿಯ ಬರ್ತಾನಾ?"

ಅವನು ಒತ್ತಿದ. ಹಸಿರು ಅಕ್ಷರ ಮೂಡಿತು. ಓದಿದ: "ನಿಮ್ಮ ಪ್ರಶ್ನೆ ನನಗೆ ತಿಳಿಯಲಿಲ್ಲ. ದಯವಿಟ್ಟು ಬೇರೆ ರೀತಿಯಲ್ಲಿ ಕೇಳಿ."

"ಮುಂಬಯಿಗೆ ಹೋದವ ತಿರುಗಿ ಮನೆಗೆ ಬರ್ತಾನಾ?"

"ನಿಮ್ಮ ಪ್ರಶ್ನೆ ನನಗೆ ತಿಳಿಯಲಿಲ್ಲ. ದಯವಿಟ್ಟು ಬೇರೆ ರೀತಿಯಲ್ಲಿ ಕೇಳಿ."

ನನಗೆ ಒಳಗೊಳಗೇ ಸಮಾಧಾನ. ಅಳಿಯ, ಮುಂಬಯಿ, ಯಾವುದನ್ನೂ ಅವನು ಬರೆದಿಟ್ಟಿರಲಿಲ್ಲ. ಇನ್ನು ಆಯಿ ಸೋತು ಹೊರಡುತ್ತಾಳೆ ಎಂದುಕೊಂಡೆ. ಆದರೆ ಅವಳ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಮೂರನೆಯ ಸಲವೂ ಕೇಳಿದಳು. ಮತ್ತೆ ಅದೇ ಬಂತು.

ಆಗ ನನಗೆ ಹೊಳೆಯಿತು. ಪ್ರಸಾದ ಕೇಳುವಾಗ ಕೆಲವೊಮ್ಮೆ ಎಸಳು ಬಲಕ್ಕೂ ಬೀಳುವುದಿಲ್ಲ, ಎಡಕ್ಕೂ ಬೀಳುವುದಿಲ್ಲ. ಎಷ್ಟು ಹೊತ್ತು ಕಾದರೂ ಅಂಟಿಕೊಂಡೇ ಇರುತ್ತದೆ. ಆಗ ಗುನಗರು ಕೇಳಿದವರ ಕಡೆ ತಿರುಗಿ, ಪ್ರಶ್ನೆ ಸರಿಯಿಲ್ಲ, ಏನನ್ನೋ ಮುಚ್ಚಿಟ್ಟಿದ್ದೀರಿ, ಅದನ್ನು ಬಿಚ್ಚಿ ಹೇಳಿ ಬೇರೆ ರೀತಿ ಕೇಳಿ ಎನ್ನುತ್ತಾರೆ. ಎಂಥ ಗಟ್ಟಿಗರೂ ಆ ಮಾತಿಗೆ ಹೆದರಿ, ಮನೆಯೊಳಗೆ ಹೂತಿಟ್ಟದ್ದನ್ನು ಸಭೆಯ ಮುಂದೆ ಹೇಳಿಬಿಡುತ್ತಾರೆ. ಆಯಿ ಈಗ ಅಂಥವರ ಹಾಗೆಯೇ ನಿಂತಿದ್ದಳು.

"ಅಮ್ಮಾರ, ಅದು ನಿಮಗ ಅಂದಿದ್ದಲ್ಲರೀ" ಎಂದು ಹುಡುಗ ಎದ್ದೇ ನಿಂತ. "ಆ ಪದ ನಾ ಹಾಕಿಲ್ಲ, ಅಷ್ಟ..."

ಆಯಿಗೆ ಕೇಳಿಸಲಿಲ್ಲ. ಅವಳು ಟೀವಿಗೆ ಬೆನ್ನು ಹಾಕಿ ಅಕ್ಕನ ಕಡೆ ತಿರುಗಿದಳು.

"ನಾ ಅವತ್ತು ದೇವಿ ಹತ್ರ ಬರ್ತಾನಾ ಅಂತ ಕೇಳ್ಲೇ ಇಲ್ಲ ಮಗಾ. ಬದುಕಿದ್ನಾ ಅಂತ ಕೇಳ್ದೆ."

ಅಕ್ಕ ತಲೆ ಎತ್ತಿ ಅವಳನ್ನು ನೋಡಿದಳು.

"ಬರ್ತಾನಾ ಕೇಳೂಕೆ ಬಾಯಿ ಬರ್ಲಿಲ್ಲ. ಎಡಕ್ಕೆ ಬಿದ್ರೆ ನಿನ್ನ ಮುಖ ಹೆಂಗೆ ನೋಡೂದು? ನಿನ್ನ ಕುಂಕುಮ ಉಳೀತಾ ಇಲ್ವಾ, ಅಷ್ಟು ತಿಳಿದ್ರೆ ಸಾಕಾಗಿತ್ತು ನಂಗೆ. ಬಲಕ್ಕೆ ಬಿತ್ತು. ಹೊರಗೆ ಬಂದ್ರೆ ಎಲ್ಲರೂ ಬರ್ತಾನೆ, ಬರ್ತಾನೆ ಅಂದ್ರು. ನೀನೂ ಅವತ್ತು ನಕ್ಕೆ. ಅಲ್ಲ ಹೇಳೂಕೆ ಆಗ್ಲಿಲ್ಲ. ಆಮೇಲೆ ಹೇಳ್ವಾ ಅಂದೆ, ಆಮೇಲೆ ಆಮೇಲೆ..."

ನನಗೆ ಬಂದ ಸಿಟ್ಟಿಗೆ ಕಣ್ಣು ಕತ್ತಲೆಯಾಯಿತು. ಬದುಕಿರುವುದು ಬೇರೆ, ಬರುವುದು ಬೇರೆ. ಎಲ್ಲೋ ಮುಂಬಯಿಯ ಚಾಳಿನಲ್ಲಿ ಇನ್ನೊಬ್ಬಳ ಜೊತೆ ಸುಖವಾಗಿ ಉಂಡು ಮಲಗುವವನೂ ಬದುಕಿರುವವನೇ. ನಾನು ಗುನಗರ ಕೈ ನೋಡಿದ್ದೆ, ಎಸಳು ನೋಡಿದ್ದೆ, ಯಂತ್ರದ ಬೆನ್ನು ತಡವಿ ನೋಡಿದ್ದೆ. ಆ ಉತ್ತರ ಯಾವ ಪ್ರಶ್ನೆಗೆ ಬಂದದ್ದು ಎಂಬ ಅನುಮಾನ ನನ್ನಂಥವಳಿಗೂ ಒಂದು ದಿನವೂ ಬಂದಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಅಕ್ಕ ಹೊರಗೆ ನಡೆದಾಗಿತ್ತು.

ಅವಳು ಹೊರಗೆ ಬಿಟ್ಟ ಚಪ್ಪಲಿ ಮೆಟ್ಟಿಕೊಂಡು ತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದಳು. ನಾನೂ ಆಯಿಯೂ ಹಿಂದಿನಿಂದ ಓಡುನಡೆಯಲ್ಲಿ ಹೋದೆವು. ಬಿಸಿಲು ಸುಡುತ್ತಿತ್ತು. ಹೊನ್ನಾವರದ ಬಸ್ಸು ಇನ್ನೂ ಬಂದಿರಲಿಲ್ಲ. ಅಕ್ಕ ಸಿಮೆಂಟಿನ ಬೆಂಚಿನ ತುದಿಗೆ ಕೂತಳು, ಆಯಿ ಅವಳ ಪಕ್ಕ, ನಾನು ನಿಂತೇ ಇದ್ದೆ.

"ನಾಳೆಯೇ ದೇವಿ ಹತ್ರ ಹೋಗ್ವಾ" ಎಂದಳು ಆಯಿ. "ಅವತ್ತು ಕೇಳಿದ್ದು ಬೇರೆ, ಇದು ಬೇರೆ ಪ್ರಶ್ನೆ. ಕೇಳೂಕೆ ಅಡ್ಡಿಲ್ಲ. ಈ ಸಲ ಬಾಯಿಬಿಟ್ಟು ಕೇಳ್ತೆ."

"ಸಾಕು ಮಾಡು ಆಯಿ!" ನಾನು ಕಿರುಚಿದ್ದಕ್ಕೆ ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಹೂವಿನ ಹತ್ರ ಆತು, ಪೆಟ್ಟಿಗೆ ಹತ್ರ ಆತು, ಇನ್ನೂ ಕೇಳ್ತಾ ಕೂತಿದ್ರೆ ಮಳೆ ಬರ್ತದೆ. ಭಟ್ಕಳದವರು ಬೇರೆ ಹೆಣ್ಣು ನೋಡ್ತ್ರು. ಆಗ ಎಂತ ಮಾಡ್ತ್ಯಾ?"

ಆಯಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಮೀನಿನ ಹುರುಪೆ ಕೆರೆದು ಒರಟಾದ ಬೆರಳುಗಳನ್ನು ಅಕ್ಕನ ಮೊಣಕಾಲ ಮೇಲೆ ಇಟ್ಟಳು. ಮುಟ್ಟಿದರೆ ಎಲ್ಲಿ ಸಿಡಿಯುತ್ತಾಳೋ ಎಂಬ ಹೆದರಿಕೆ ಆ ಕೈಯಲ್ಲಿತ್ತು.

"ಹಂಗಾರೆ ನೀನೇ ಹೇಳು ಮಗಾ. ನಿಂಗೆ ಎಂತ ಬೇಕು?"

ಅಕ್ಕ ಆಯಿಯ ಮುಖವನ್ನು ನೋಡಿದಳು. ಸಿಟ್ಟು ಇರಲಿಲ್ಲ, ಅಳುವೂ ಇರಲಿಲ್ಲ. ನಂಬಬಹುದೋ ಬಾರದೋ ಎಂದು ಅಳೆಯುವಂತೆ ನೋಡಿದಳು.

"ಆಯಿ, ಇಷ್ಟು ವರ್ಷಕ್ಕೆ ಈಗ ನನ್ನ ಕೇಳ್ದೆ" ಎಂದಳು.

ಆಯಿಯ ಬಾಯಿ ಏನೋ ಹೇಳಲು ತೆರೆದುಕೊಂಡಿತು. ಅಕ್ಕ ಬಿಡಲಿಲ್ಲ.

"ಕೇಳ್ದೆ ಅಲ್ದಾ? ಹಂಗಾರೆ ಕೇಳ್ಕೋ. ನಾ ಇನ್ನು ಕಾಯೂದಿಲ್ಲ."